ಮನೆಯಂಗಳದ ಮಾತು: ಕಾಗೆಯ ಲೆಕ್ಕ

ಶಹಾಪುರದ ಕಡೆಯಿಂದ ಓರ್ವ ತಾಯಿ ನಮಗೊಂದು ಕಾಗದ ಬರೆದಿದ್ದಾರೆ. ಹೆಸರನ್ನು ಪ್ರಕಟಿಸಬಾರದೆಂದು ಕೋರಿರುವುದರಿಂದ ಅದನ್ನು ಇಲ್ಲಿ ಕೊಟ್ಟಿಲ್ಲ. ಅವರ ದೂರಿನ ಸಾರಾಂಶವಿಷ್ಟು. ಮಗನು ಪಿ.ಯು.ಸಿ.ಯ ಎರಡನೆಯ ವರ್ಷದಲ್ಲಿ ಓದುತ್ತಿರುವನು. ಶಾಲೆಯಲ್ಲಿ ಬುದ್ಧಿವಂತನೆಂದು ಹೆಸರು ಪಡೆದವನು. ಆದರೆ ಒಂದು ವರ್ಷದಿಂದೀಚೆಗೆ ಅವನಿಗೆ ಹಕ್ಕಿಗಳ ಹುಚ್ಚು ಹಿಡಿದಿದೆ. ಬೆಳಗಿನ ಐದು ಗಂಟೆಗೆ ಎದ್ದು ಕೆರೆಯ ಏರಿಗೆ ಹೋಗುತ್ತಾನೆ. ಹಿಂದಿರುಗಿ ಬಂದು, ಚಹ ಆರುವಷ್ಟು ಹೊತ್ತು ಮೊಬೈಲಿನಲ್ಲಿ ಏನನ್ನೋ ಬರೆಯುತ್ತ ಕೂರುತ್ತಾನೆ. ರಾತ್ರಿಯಾದರೆ ಮುಖಪರಿಚಯವೂ ಇಲ್ಲದ ಮೈಸೂರು ಮಂಗಳೂರುಗಳ ಜನರೊಡನೆ, ಆ ಹಕ್ಕಿಯ ಕಾಲು ಹಳದಿಯೋ ಹಸುರೋ ಎಂದು ಚರ್ಚೆ. "ಸಿನಿಮಾ ನಟರ ಅಭಿಮಾನಿಗಳ ಸಂಘಕ್ಕೆ ಸೇರಿದ್ದರೆ ಬೈದು ಬಿಡಿಸಬಹುದಾಗಿತ್ತು. ಇದು ಒಳ್ಳೆಯ ಚಟವೋ ಕೆಟ್ಟ ಚಟವೋ ಎಂಬುದೇ ತಿಳಿಯದಿರುವಾಗ ಬೈಯುವುದಾದರೂ ಹೇಗೆ?" ಎಂದು ಆ ತಾಯಿ ಕೇಳಿದ್ದಾರೆ.

ಪ್ರಶ್ನೆಯು ನ್ಯಾಯವಾದುದೇ. ಒಂದು ವರ್ಷದ ಹಿಂದೆ ಇದೇ ಕಾಗದ ಬಂದಿದ್ದರೆ, ಪುಸ್ತಕದ ಮುಂದೆ ಕೂರಿಸಿರಿ ಎಂದು ಎರಡು ಸಾಲು ಬರೆದು ನಾವು ಕೈ ತೊಳೆದುಕೊಳ್ಳುತ್ತಿದ್ದೆವು. ಆದರೆ ಕಳೆದ ಮಾಘಮಾಸದಲ್ಲಿ ಸುರಪುರದ ನಮ್ಮ ಮನೆಯ ಮಾಳಿಗೆಯ ಮೇಲೆಯೇ ಒಂದು ಪ್ರಸಂಗ ನಡೆದು, ಆ ಎರಡು ಸಾಲುಗಳನ್ನು ಬರೆಯುವ ಧೈರ್ಯ ಉಳಿಯದಂತಾಗಿದೆ.

ನಮ್ಮ ತಂಗಿಯ ಮಗನು ಆ ದಿನಗಳಲ್ಲಿ ಮನೆಗೆ ಬಂದಿದ್ದನು. ಅವನೂ ಇದೇ ಹುಚ್ಚಿನವನು. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ನಾನಾ ದೇಶಗಳ ಜನರು ತಂತಮ್ಮ ಹಿತ್ತಲುಗಳಲ್ಲಿ ನಿಂತು ಹಕ್ಕಿಗಳನ್ನು ಎಣಿಸುವ ಒಂದು ಪದ್ಧತಿಯುಂಟಂತೆ. ಅಮೇರಿಕೆಯಲ್ಲಿ 1998ರಲ್ಲಿ ಆರಂಭವಾಗಿ, 2013ರಿಂದ ನಮ್ಮ ದೇಶದಲ್ಲಿಯೂ ನಡೆಯುತ್ತಿದೆ. ಕನಿಷ್ಠ ಹದಿನೈದು ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳನ್ನೂ ಕೇಳಿದ ದನಿಗಳನ್ನೂ ಗುರುತಿಸಿ, ಯಾವುದು ಎಷ್ಟು ಎಂದು ಬರೆಯಬೇಕು. ಪ್ರವೇಶಧನವಿಲ್ಲ, ಬಹುಮಾನವೂ ಇಲ್ಲ. ಬಹುಮಾನವಿಲ್ಲದ ಸ್ಪರ್ಧೆಯೊಂದಕ್ಕೆ ಇಷ್ಟು ಜನರು ಬೆಳಗಿನ ಚಳಿಯಲ್ಲಿ ಏಳುವರೆಂಬುದೇ ನಮಗೆ ಮೊದಲು ವಿಚಿತ್ರವಾಗಿ ಕಂಡಿತು.

ಹುಡುಗನ ಸಂಗಡ ನಾವೂ ಮಾಳಿಗೆ ಹತ್ತಿದೆವು. ಎದುರಿನ ಬೇವಿನ ಮರದಲ್ಲಿ ನಾಲ್ಕು ಕಾಗೆಗಳು ಕುಳಿತಿದ್ದುವು. ಅವನು ಅವನ್ನೇ ಬರೆಯತೊಡಗಿದುದನ್ನು ಕಂಡು ನಮಗೆ ನಗೆ ಬಂದಿತು.

"ಕಾಗಿ ಲೆಕ್ಕಾ ತಗೊಂಡು ಯಾರು ಏನು ಮಾಡ್ತಾರೋ?"

"ಕಾಗಿನೂ ಬರೀಬೇಕ್ರಿ ಮಾವಾ. ಕಾಗಿ ಬಿಟ್ರ ಪಟ್ಟಿ ಪೂರಾ ಆಗಂಗಿಲ್ಲ."

ಅಷ್ಟಕ್ಕೇ ಬಿಡದೆ ಅವನು ನಮ್ಮನ್ನು ಪರೀಕ್ಷೆಗೂ ಒಡ್ಡಿದನು. ಆ ನಾಲ್ಕರಲ್ಲಿ ಮೂರರ ಕೊರಳು ಬೂದುಬಣ್ಣದ್ದು. ಒಂದರ ಮೈಯೆಲ್ಲ ಕರಿ, ಕೊಕ್ಕು ದಪ್ಪ. ಮೊದಲಿನವು ಊರಕಾಗೆ, ಉಳಿದುದು ಕಾಡುಕಾಗೆ. ಎರಡೂ ಬೇರೆ ಬೇರೆ ಜಾತಿ. ಅರವತ್ತು ದಾಟಿದ ನಾವು ಇಷ್ಟು ವರ್ಷ ಶ್ರಾದ್ಧದ ದಿನ ಪಿಂಡವಿಟ್ಟು ಕೈಮುಗಿದು ಯಾವ ಕಾಗೆಯನ್ನು ಕಾಯುತ್ತಿದ್ದೆವೆಂಬುದೇ ನಮಗೆ ತಿಳಿದಿರಲಿಲ್ಲ! ಅವೆರಡರಲ್ಲಿ ಪಿತೃಗಳಿಗೆ ಯಾವುದು ಸಮ್ಮತವೆಂದು ಪುರೋಹಿತರನ್ನು ಕೇಳಬೇಕೆಂದಿದ್ದೇವೆ.

ಆ ಹದಿನೈದು ನಿಮಿಷಗಳಲ್ಲಿ ಕಾಗೆ, ಗುಬ್ಬಿ, ಗೊರವಂಕ, ಬೆಳವ, ಗಿಳಿ, ಕಾಜಾಣ ಇವುಗಳು ಸಿಕ್ಕವು. ಕೆಳಗಿನ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ನಮ್ಮ ಮನೆಯಾಕೆ, "ನೀಲಕಂಠ ಕಾಣಲಿಲ್ಲೇನ್ರಿ?" ಎಂದು ಕೂಗಿ ಕೇಳಿದಳು. ಕಾಣಲಿಲ್ಲ. ಜಗಳ ಹುಟ್ಟಿದುದು ಅಲ್ಲಿಂದಲೇ.

ನೀಲಕಂಠವನ್ನು ಅರಿಯದ ವಾಚಕರು ವಿರಳ. ಕುಳಿತಾಗ ಮಣ್ಣುಬಣ್ಣದ ಸಾಧಾರಣ ಹಕ್ಕಿ. ಹಾರಲು ರೆಕ್ಕೆ ಬಿಚ್ಚಿತೆಂದರೆ ಇಳಕಲ್ ಸೀರೆಯೊಂದನ್ನು ಬಿಸಿಲಿಗೆ ಕೊಡವಿದಂತೆ ನೀಲಿಯ ಮೇಲೆ ನೀಲಿ. ಕರ್ನಾಟಕ ರಾಜ್ಯದ ಪಕ್ಷಿಯೆಂದು ಸರಕಾರವು ಅದನ್ನು ಆರಿಸಿದೆ. ನಮ್ಮ ಗುರುಮಠಕಲ್ ಗಡಿಯಾಚೆಯ ತೆಲಂಗಾಣಕ್ಕೂ ಅದೇ ರಾಜ್ಯಪಕ್ಷಿ. ಅಲ್ಲಿನವರು ಅದನ್ನು ಪಾಲಪಿಟ್ಟವೆಂದು ಕರೆದು, ದಸರೆಯ ದಿನ ಅದರ ದರ್ಶನವಾದರೆ ವರ್ಷವೆಲ್ಲ ಶುಭವೆಂದು ಭಾವಿಸುವರು. ನಮ್ಮ ಹೊಲದ ಬದುವಿನ ವಿದ್ಯುತ್ ತಂತಿಯ ಮೇಲೆ ಅದು ಕಾವಲುಗಾರನಂತೆ ದಿನವಿಡೀ ಕುಳಿತಿರುತ್ತಿದ್ದುದುಂಟು. ಇತ್ತೀಚೆಗೆ ಅಲ್ಲಿ ಅದನ್ನು ಕಂಡ ನೆನಪಿಲ್ಲ. ಯಾವಾಗಿನಿಂದ ಇಲ್ಲ? ಹತ್ತು ವರ್ಷವಾಗಿರಬಹುದೆಂದು ನಾವು. ಹತ್ತಲ್ಲ, ಹಿರಿಯ ಮಗಳ ಮದುವೆಗೆ ಮುಂಚೆಯೇ ಇರಲಿಲ್ಲ, ಇಪ್ಪತ್ತಾದರೂ ಆಗಿರಬೇಕೆಂದು ಆಕೆ. ಆಳುಮಗನನ್ನು ಕೇಳಿದರೆ ಹೋದ ವರ್ಷ ಸುಗ್ಗಿಯಲ್ಲಿ ನೋಡಿದ್ದೇನೆಂದು ಅವನು. ಹೊಲ ಒಂದೇ, ತಂತಿ ಒಂದೇ, ಸಾಕ್ಷಿಗಳು ಮೂವರು, ಉತ್ತರಗಳು ಮೂರು!

ಮನೆಗೆ ತಂದ ಬೆಲ್ಲದ ಲೆಕ್ಕ ನಮ್ಮಲ್ಲಿದೆ. 1987ರಲ್ಲಿ ಕೊಂಡ ಎತ್ತಿನ ಬೆಲೆಯೂ ಚೀಟಿಯಲ್ಲಿದೆ. ಆದರೆ ಕಣ್ಣೆದುರಿನಲ್ಲಿಯೇ ಬಾಳಿ ಮರೆಯಾದ ಹಕ್ಕಿಯ ಲೆಕ್ಕವನ್ನು ಯಾರೂ ಇಡಲಿಲ್ಲ. ಏತಕ್ಕೆಂದರೆ ಅದು ಸದಾ ಇದ್ದಿತು. ಸದಾ ಇರುವುದನ್ನು ಬರೆದಿಡುವವರು ಯಾರು?

ಕಾಗೆಯನ್ನೇಕೆ ಬರೆಯಬೇಕೆಂಬುದಕ್ಕೆ ಹುಡುಗನು ಆಗ ಕೊಟ್ಟ ವಿವರಣೆಯು ನಮಗೆ ಮನವರಿಕೆಯಾಯಿತು. ಈ ಪಟ್ಟಿಗಳೆಲ್ಲ ಇ-ಬರ್ಡ್ ಎಂಬ ಒಂದು ಅಂತರ್ಜಾಲದ ಭಂಡಾರಕ್ಕೆ ಸೇರುತ್ತವೆ. ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಸಂಸ್ಥೆಯವರೂ ಆಡುಬಾನ್ ಸಂಘದವರೂ ಕೂಡಿ 2002ರಲ್ಲಿ ಅದನ್ನು ತೆರೆದರು. ಪಟ್ಟಿಯ ಕೊನೆಯಲ್ಲಿ ಅದು ಒಂದು ಪ್ರಶ್ನೆಯನ್ನು ಕೇಳುತ್ತದೆ: ನೀವು ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿರುವಿರೋ, ಅಥವಾ ಆರಿಸಿ ಬರೆದಿರುವಿರೋ? ಎಲ್ಲವನ್ನೂ ಬರೆದಿದ್ದರೆ ಅದು ಪೂರ್ಣ ಪಟ್ಟಿ. ಆಗ ಅದರಲ್ಲಿರುವ ಹಕ್ಕಿಗಳಷ್ಟೇ ಅಲ್ಲದೆ ಇಲ್ಲದ ಹಕ್ಕಿಗಳೂ ಸಾಕ್ಷಿ ನುಡಿಯುತ್ತವೆ. ಸುರಪುರದ ಸುತ್ತ ಈ ವರ್ಷ ನೂರು ಪೂರ್ಣ ಪಟ್ಟಿಗಳು ಬಂದು, ಅವುಗಳಲ್ಲಿ ಅರವತ್ತರಲ್ಲಿ ನೀಲಕಂಠವಿದೆಯೆಂದು ಇಟ್ಟುಕೊಳ್ಳಿರಿ. ಹತ್ತು ವರ್ಷಗಳ ತರುವಾಯ ಅಂತಹವೇ ನೂರರಲ್ಲಿ ಮೂವತ್ತರಲ್ಲಿ ಮಾತ್ರ ಕಂಡರೆ, ಹಕ್ಕಿ ಕಡಿಮೆಯಾಯಿತೆಂದು ಹೇಳಲು ಆಧಾರ ದೊರೆಯಿತು. ಅದರ ಬದಲಾಗಿ ಪ್ರತಿಯೊಬ್ಬನೂ ತನಗೆ ಅಪೂರ್ವವೆನಿಸಿದುದನ್ನಷ್ಟೇ ಬರೆದಿದ್ದರೆ, ನೀಲಕಂಠವು ಹೆಚ್ಚಾಗಿದ್ದಾಗ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ, ಅಪೂರ್ವವಾದ ಮೇಲೆ ಎಲ್ಲರ ಪಟ್ಟಿಯಲ್ಲಿಯೂ ಇರುತ್ತದೆ. ಲೆಕ್ಕವು ತಲೆಕೆಳಗಾಗುತ್ತದೆ!

ಇದು ಬರಿಯ ಊಹೆಯ ಮಾತಲ್ಲ. 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತು ಒಂದು ವರದಿಯು ಹೊರಬಂದಿತು. ಮೂವತ್ತು ಸಾವಿರಕ್ಕೂ ಮಿಕ್ಕ ಹವ್ಯಾಸಿಗಳು ಬರೆದ ಸುಮಾರು ಮೂರು ಕೋಟಿ ದಾಖಲೆಗಳನ್ನು ಜೋಡಿಸಿ, 942 ಜಾತಿಗಳ ಸ್ಥಿತಿಯನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಧ್ಯವಾದುದು 338 ಜಾತಿಗಳ ವಿಷಯದಲ್ಲಿ. ಅವುಗಳಲ್ಲಿ ನೂರಕ್ಕೆ 60ರಷ್ಟು ಇಳಿಮುಖವಾಗಿವೆ. ನಮ್ಮ ನೀಲಕಂಠವು ಸುಮಾರು ಹನ್ನೆರಡು ವರ್ಷಗಳಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಕುಗ್ಗಿದೆಯೆಂದು ಅದರಲ್ಲಿದೆ. ನವಿಲೂ ಕೋಗಿಲೆಯೂ ಹೆಚ್ಚಿವೆ. ಗುಬ್ಬಿಯ ಸಂಗತಿಯಂತೂ ಮತ್ತೂ ಸ್ವಾರಸ್ಯವಾದುದು. ಮೊಬೈಲಿನ ಗೋಪುರಗಳಿಂದ ಗುಬ್ಬಿಗಳು ನಾಶವಾದುವೆಂದು ನಾವೇ ಈ ಅಂಕಣದಲ್ಲಿ ಒಮ್ಮೆ ಕಣ್ಣೀರಿಟ್ಟಿದ್ದೆವು. ದೊಡ್ಡ ನಗರಗಳಲ್ಲಿ ಅವು ಕಡಿಮೆಯಾಗಿರುವುದು ನಿಜ. ಒಟ್ಟು ದೇಶದಲ್ಲಿ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದು ಇದೇ ಮಾಲೆಯ 2020ರ ವರದಿಯು ಹೇಳಿತು. ನಾವು ಅತ್ತದ್ದು ಗುಬ್ಬಿಗಾಗಿ. ಅಳಬೇಕಾಗಿದ್ದುದು ತಂತಿಯ ಮೇಲೆ ಕುಳಿತಿದ್ದ ನೀಲಕಂಠಕ್ಕಾಗಿ.

ತೆರೆದ ಬಯಲಿನ ಹಕ್ಕಿಗಳೇ ಹೆಚ್ಚಾಗಿ ಕುಗ್ಗಿವೆಯೆಂಬ ಮಾತೂ ಆ ವರದಿಯಲ್ಲಿದೆ. ಇದನ್ನು ನಮ್ಮ ಸೀಮೆಯವರು ಸ್ವಲ್ಪ ನಿಂತು ಯೋಚಿಸಬೇಕು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ, ಜೋಳ ತೊಗರಿ ಬೆಳೆಯುತ್ತಿದ್ದ ಸುರಪುರ ಶಹಾಪುರಗಳ ಎರೆಯ ಹೊಲಗಳು ಭತ್ತದ ಗದ್ದೆಗಳಾದುವು. ನೀರು ಬಂದುದರಿಂದ ನಮ್ಮ ಮನೆಗಳಲ್ಲಿ ಅನ್ನ ಬಂದಿತು, ಹೆಣ್ಣುಮಕ್ಕಳ ಮದುವೆಗಳಾದುವು. ಅದನ್ನು ಅಲ್ಲಗಳೆಯುವವರು ಕೃತಘ್ನರು. ನೀರಿನ ಹಕ್ಕಿಗಳಿಗೂ ಅದು ಹಬ್ಬವಾಗಿರಬೇಕು. ಆದರೆ ಒಣಹೊಲದ ಹಕ್ಕಿಗಳು ಏನಾದುವು? ಎರೆಭೂತವೆಂಬ ಮಹಾಪಕ್ಷಿಯು ಕರ್ನಾಟಕದಲ್ಲಿ ಇಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಕಾಲುವೆಗೆ ಮೊದಲಿನ ವರ್ಷಗಳ ಹತ್ತಿಪ್ಪತ್ತು ಪಟ್ಟಿಗಳನ್ನಾದರೂ ನಮ್ಮ ಶಾಲಾಮಾಸ್ತರರು ಬರೆದಿಟ್ಟಿದ್ದರೆ, ಏನನ್ನು ಪಡೆದು ಏನನ್ನು ಕಳೆದುಕೊಂಡೆವೆಂದು ಇಂದು ಜಮಾಖರ್ಚು ನೋಡಬಹುದಾಗಿತ್ತು.

ಹಕ್ಕಿಗಳ ಹುಚ್ಚು ಅಂತರ್ಜಾಲದೊಡನೆ ಹುಟ್ಟಿದುದೆಂದು ಆ ತಾಯಿ ತಿಳಿದಿರುವಂತೆ ತೋರುತ್ತದೆ. ಹಾಗಲ್ಲ. ಅಂಚೆಯ ಕಾಲದಲ್ಲಿಯೇ ಅದು ಬಲಿತಿತ್ತು. 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದ ಹ್ಯೂಮ್ ಸಾಹೇಬರು, ಅದಕ್ಕೆ ಮೊದಲು 1872ರಿಂದ ಹಕ್ಕಿಗಳಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸುತ್ತಿದ್ದರು. ದೇಶದ ಮೂಲೆಮೂಲೆಗಳ ಅಧಿಕಾರಿಗಳೂ ವೈದ್ಯರೂ ತಾವು ಕಂಡುದನ್ನು ಅವರಿಗೆ ಬರೆದು ಕಳುಹಿಸುವರು. ಅವರು ಅದನ್ನು ಅಚ್ಚು ಹಾಕಿಸುವರು. ಕಾಗದದ ಮೇಲೆ ಕಾಗದ, ವಾದದ ಮೇಲೆ ವಾದ. ವರ್ಷಗಟ್ಟಲೆ ಕೂಡಿಹಾಕಿದ್ದ ಅವರ ಹಸ್ತಪ್ರತಿಗಳನ್ನು, ಅವರು ಶಿಮ್ಲಾದಲ್ಲಿಲ್ಲದ ಸಮಯದಲ್ಲಿ ಮನೆಯ ಸೇವಕನೊಬ್ಬನು ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟನು. ಆ ದುಃಖದಿಂದ ಅವರು ಹಕ್ಕಿಗಳ ಸಹವಾಸವನ್ನೇ ತೊರೆದು, ಸಂಗ್ರಹವನ್ನೆಲ್ಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟರು. ದೀಪಾವಳಿಯ ಮುಂಚೆ ಮಕ್ಕಳ ಪೆಟ್ಟಿಗೆಯನ್ನು ಹಸನುಮಾಡುವ ಗೃಹಿಣಿಯರು ಈ ಕಥೆಯನ್ನು ನೆನಪಿನಲ್ಲಿಡಬೇಕೆಂದು ಸವಿನಯ ಬಿನ್ನಹ.

ನಮ್ಮ ನಾಡಿಗೆ ಇನ್ನೂ ಹತ್ತಿರದ ಮಾತೊಂದುಂಟು. ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931-32ರಲ್ಲಿ, ಸಾಲಿಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡರು. ಅದರ ವೃತ್ತಾಂತವು ಮುಂದಿನ ವರ್ಷಗಳಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಯ ಪತ್ರಿಕೆಯಲ್ಲಿ ಭಾಗಭಾಗವಾಗಿ ಪ್ರಕಟವಾಯಿತು. ಆಗಿನ ಪದ್ಧತಿಯಂತೆ ಹಕ್ಕಿಯನ್ನು ಬಂದೂಕಿನಿಂದ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಚೀಟಿ ಕಟ್ಟುವುದೇ ಶಾಸ್ತ್ರ. ಇಂದಿನ ಹುಡುಗರಿಗೆ ದುರ್ಬೀನೂ ಮೊಬೈಲೂ ಸಾಕು. 1960ರಲ್ಲಿ ಜಫರ್ ಫತೇಹಲಿಯವರು ಹಕ್ಕಿಪ್ರಿಯರಿಗಾಗಿ ಒಂದು ಚಿಕ್ಕ ಮಾಸಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ'ವನ್ನು ಓದಿ ಕೆಟ್ಟ ಹುಡುಗರೆಷ್ಟೋ! ಹೀಗಾಗಿ ಶಹಾಪುರದ ಆ ಹುಡುಗನ ವಂಶಾವಳಿ ದೊಡ್ಡದೇ. ಅಂಚೆಯವನ ಬದಲು ತಂತಿಯಿಲ್ಲದ ತಂತಿ ಬಂದಿದೆ, ಅಷ್ಟೆ.

ಇಷ್ಟು ಹೊಗಳಿದ ಮೇಲೆ ಅದರ ದೋಷಗಳನ್ನೂ ಹೇಳದಿದ್ದರೆ ತಾಯಿಗೆ ಅನ್ಯಾಯವಾದೀತು. ಆ ನಾಲ್ಕು ದಿನಗಳಲ್ಲೊಂದಾದ ಭಾನುವಾರ ಹುಡುಗನು ನಮ್ಮನ್ನು ಬೋನಾಳಕ್ಕೆ ಕರೆದೊಯ್ದನು. ಸುರಪುರದ ದೊರೆಗಳ ಕಾಲದ ದೊಡ್ಡ ಕೆರೆಯದು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬರೂ ಅದನ್ನು ಮೆಚ್ಚಿದ್ದರು. ಅವರ ಆತ್ಮಕಥೆಯಲ್ಲಿ ಅದರ ಪ್ರಸ್ತಾಪವಿದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ತಲೆಯ ಹಿಂಬದಿಯಲ್ಲಿ ಎರಡು ಕರಿಯ ಪಟ್ಟೆಗಳು. ಮಂಗೋಲಿಯ ಟಿಬೆಟ್ಟುಗಳಲ್ಲಿ ಮರಿಮಾಡಿ, ಹಿಮಾಲಯವನ್ನು ಹಾರಿ ದಾಟಿ, ನಮ್ಮ ಭತ್ತದ ಸೀಮೆಗೆ ಅತಿಥಿಗಳಾಗುವ ಹಕ್ಕಿಗಳವು. ಮಂಗೋಲಿಯದ ಶಾಸ್ತ್ರಜ್ಞರು ಕೆಲವುಗಳ ಕೊರಳಿಗೆ ಅಂಕೆಯಿರುವ ಬಣ್ಣದ ಪಟ್ಟಿಗಳನ್ನು ಹಾಕಿ ಬಿಡುವರು. ಕರ್ನಾಟಕದ ಕೆರೆಗಳಲ್ಲಿ ಹವ್ಯಾಸಿಗಳು ಅಂತಹ ಪಟ್ಟಿಯನ್ನು ಓದಿ ತಿಳಿಸಿದ್ದರಿಂದಲೇ, ಅಲ್ಲಿಯ ಹಕ್ಕಿ ಇಲ್ಲಿಗೆ ಬಂದುದು ಸ್ಥಿರಪಟ್ಟಿತು. ನಾವು ಹೋದಾಗ ನೀರಿನ ನಡುವೆ ಒಂದು ಗುಂಪು ತಲೆಯನ್ನು ಬೆನ್ನಿಗಿಟ್ಟು ಮಲಗಿದ್ದಿತು. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದು ಹಗಲು ನೀರಿನ ಮೇಲೆ ವಿಶ್ರಮಿಸುವುದು ಅವುಗಳ ಕ್ರಮ.

ಅಷ್ಟರಲ್ಲಿ ದೂರದ ಊರಿನಿಂದ ಬಂದಿದ್ದ ಮೂವರು ತರುಣರು, ಉದ್ದನೆಯ ಕ್ಯಾಮೆರಾಗಳನ್ನು ಹಿಡಿದು ಕೆಸರಿನಲ್ಲಿ ಇಳಿದರು. ಹಾರುವ ಚಿತ್ರ ಬೇಕಾಗಿತ್ತೆಂದು ತೋರುತ್ತದೆ. ಒಬ್ಬನು ಚಪ್ಪಾಳೆ ತಟ್ಟಿದನು. ಗುಂಪೆಲ್ಲ ಒಮ್ಮೆಲೇ ಎದ್ದು, ಕೂಗುತ್ತ ಎರಡು ಸುತ್ತು ಹಾಕಿ ಕೆರೆಯಾಚೆಗೆ ಹೋಯಿತು. ಚಿತ್ರವು ಚೆನ್ನಾಗಿಯೇ ಬಂದಿರಬೇಕು. ನೂರಾರು ಜನರು ಮೆಚ್ಚಿಯೂ ಇದ್ದಾರು. ಹಿಮಾಲಯವನ್ನು ದಾಟಿ ಬಂದ ಅತಿಥಿಯನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸುವುದು ಯಾವ ಅಭಿಮಾನ? ಗೂಡಿನ ಬಳಿ ನಿಲ್ಲುವುದು, ಮೊಬೈಲಿನಿಂದ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಮೋಸದಿಂದ ಹೊರಗೆಳೆಯುವುದು, ಇವೂ ಈ ಬಳಗದಲ್ಲಿರುವ ಪಾಪಗಳೇ. ಬಲ್ಲವರು ಇದನ್ನು ಖಂಡಿಸುತ್ತಾರೆ. ಅಪಾಯದಲ್ಲಿರುವ ಕೆಲವು ಜಾತಿಗಳ ನೆಲೆಯನ್ನು ಆ ಭಂಡಾರವು ಹೊರಗಿನವರಿಗೆ ತೋರಿಸದಿರುವುದೂ ಇದೇ ಕಾರಣದಿಂದ.

ಇನ್ನೊಂದು ದೋಷವೆಂದರೆ ಪೈಪೋಟಿ. ಬಾಳಿನಲ್ಲಿ ಮೊದಲ ಸಲ ಕಂಡ ಹಕ್ಕಿಗೆ ಇವರು 'ಲೈಫರ್' ಎನ್ನುತ್ತಾರೆ. ಯಾರು ಎಷ್ಟು ಜಾತಿ ಕಂಡರೆಂದು ಜಿಲ್ಲೆವಾರು ರಾಜ್ಯವಾರು ಶ್ರೇಣಿಯುಂಟು. ಅಪೂರ್ವವಾದ ಹಕ್ಕಿಯೊಂದು ಎಲ್ಲಿಯೋ ಇಳಿಯಿತೆಂದರೆ ರಾತ್ರೋರಾತ್ರಿ ವಾಹನ ಹತ್ತಿ ಓಡುವರು. ಬಡಿವಾರ ಕೊಚ್ಚುವವರೂ ಇದ್ದಾರೆ. ಆದರೆ ಸಂಶಯಾಸ್ಪದವಾದ ದಾಖಲೆಯನ್ನು ಕಂಡರೆ, ಅನುಭವಿಗಳಾದ ಸ್ವಯಂಸೇವಕರು ಬಹಳ ವಿನಯದಿಂದ, ತಾವು ಯಾವ ಲಕ್ಷಣದಿಂದ ಗುರುತಿಸಿದಿರಿ, ಚಿತ್ರವೇನಾದರೂ ಇದೆಯೇ ಎಂದು ಬರೆದು ಕೇಳುವರು. ಪ್ರಮಾಣವಿಲ್ಲದಿದ್ದರೆ ಆ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಸಾರ್ವಜನಿಕ ಜೀವನದ ಬೇರೆ ರಂಗಗಳಲ್ಲಿ ಇಂತಹ ಸ್ವಯಂಸೇವಕರು ಇಲ್ಲದಿರುವುದು ಶೋಚನೀಯ.

ಇನ್ನು ಶಹಾಪುರದ ತಾಯಿಗೆ ನಮ್ಮ ಉತ್ತರ. ಅಮ್ಮಾ, ರಾತ್ರಿಯ ಚರ್ಚೆಯನ್ನು ನಿಲ್ಲಿಸಿರಿ. ಕಾಲು ಹಳದಿಯೋ ಹಸುರೋ ಎಂಬುದು ಪರೀಕ್ಷೆಯಾಗುವ ತನಕ ಕಾಯಬಲ್ಲುದು. ಬೆಳಗಿನ ಕೆರೆಯ ಏರಿಯನ್ನು ನಿಲ್ಲಿಸಬೇಡಿರಿ. ಅಪೂರ್ವವಾದುದನ್ನು ಹುಡುಕಿಕೊಂಡು ಬೇರೆ ಜಿಲ್ಲೆಗೆ ಹೋಗುತ್ತೇನೆಂದು ಹಣ ಕೇಳಿದರೆ ಕೊಡಬೇಡಿರಿ. ಅದೇ ಏರಿಗೆ, ಅದೇ ಹೊತ್ತಿಗೆ, ವಾರಕ್ಕೊಮ್ಮೆ ಹೋಗಿ ಕಾಗೆ ಬೆಳವಗಳನ್ನು ಬಿಡದೆ ಬರೆದು ಬಂದರೆ ಚಹವನ್ನು ಬಿಸಿಮಾಡಿ ಕೊಡಿರಿ. ಬೆಂಗಳೂರು ಮೈಸೂರುಗಳ ಕೆರೆಗಳಿಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಯಾದಗಿರಿ ಜಿಲ್ಲೆಯಿಂದ ಹೋಗುವ ಪಟ್ಟಿಗಳು ಅವುಗಳ ಮುಂದೆ ಬಹಳ ಅಲ್ಪ. ನಿಮ್ಮ ಮಗನು ಬರೆಯದಿದ್ದರೆ ಆ ಏರಿಯ ಲೆಕ್ಕವನ್ನು ಇನ್ನೊಬ್ಬನು ಬರೆದಾನೆಂಬ ಭರವಸೆ ನಮಗಿಲ್ಲ. ಅವನು ಯಾವಾಗಲಾದರೂ ನಮ್ಮ ಹೊಲದ ಕಡೆಗೆ ಬಂದರೆ ಆ ತಂತಿಯನ್ನೂ ಒಮ್ಮೆ ನೋಡಲಿ. ನಮ್ಮ ಮನೆಯ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಮನೆಯಾಕೆಗೆ ಈ ಶಾಸ್ತ್ರದ ಮೇಲೆ ಬೇರೊಂದು ಕಾರಣದಿಂದ ಸಿಟ್ಟಿದೆ. ಎಣಿಕೆಯ ಹಿಂದಿನ ರಾತ್ರಿ ಬೇವಿನ ಮರದಲ್ಲಿ ಹಾಲಕ್ಕಿಯು ಮೂರು ಸಲ ನುಡಿದುದನ್ನು ಆಕೆ ಸ್ಪಷ್ಟವಾಗಿ ಕೇಳಿದ್ದಳು. ಅದನ್ನೂ ಪಟ್ಟಿಯಲ್ಲಿ ಬರೆಯೆಂದು ಹುಡುಗನಿಗೆ ಹೇಳಿದಳು. ಅದು ಆ ಹದಿನೈದು ನಿಮಿಷದೊಳಗಿನದಲ್ಲ, ಬರೆಯಲಾಗದೆಂದು ಅವನು. "ನಾ ಏನು ಸುಳ್ಳು ಹೇಳ್ತೀನೇನೋ ತಮ್ಮಾ?" ಎಂದು ಆಕೆ. ಎಷ್ಟು ವಿವರಿಸಿದರೂ ಆಕೆ ಒಪ್ಪಲಿಲ್ಲ. ಮರುರಾತ್ರಿ ಊಟವಾದೊಡನೆ ಗಡಿಯಾರವನ್ನು ಮುಂದಿಟ್ಟುಕೊಂಡು, ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಳಿಗೆಯ ಮೇಲೆ ಕುಳಿತಳು. ಆ ರಾತ್ರಿ ಹಾಲಕ್ಕಿ ನುಡಿಯಲಿಲ್ಲ.